ವಿಂಡೋಸ್ 11: "ನನ್ನ ಟಾಸ್ಕ್‌ಬಾರ್ ಮುಟ್ಟಿದ್ದು ಯಾರು?" ಎನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 11 ಬಿಡುಗಡೆಯಾದದ್ದು 2021ರ ಅಕ್ಟೋಬರ್ 5ರಂದು. ಆದರೆ ವಿಂಡೋಸ್ 10ರಲ್ಲೇ ನೆಮ್ಮದಿಯಾಗಿದ್ದ ಅನೇಕರು, 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯುತ್ತದೆ ಎಂದಾಗಲೇ ಒಲ್ಲದ ಮನಸ್ಸಿನಿಂದ ಇತ್ತ ಬಂದರು. ಬಂದ ಮರುದಿನವೇ ಫೋನ್ ಶುರು. ಮನೆಯಲ್ಲೋ ಆಫೀಸಿನಲ್ಲೋ "ಕಂಪ್ಯೂಟರ್ ಗೊತ್ತಿರೋನು" ಅಂತ ಒಮ್ಮೆ ಹೆಸರಾದವರಿಗೆ ಈ ಪ್ರಶ್ನೆಗಳೆಲ್ಲ ಬಾಯಿಪಾಠ. ಕೆಳಗೆ ಉತ್ತರಗಳಿವೆ. ಜೊತೆಗೆ ಒಂದಿಷ್ಟು ಹಳೇ ಕಥೆ, ಒಂದಿಷ್ಟು ನನ್ನ ತಕರಾರು.

ಸ್ಟಾರ್ಟ್ ಬಟನ್ ನಡುವೆ ಬಂದು ಕೂತಿದೆ. ಎಡಕ್ಕೆ ತರೋದು ಹೇಗೆ?

ಪರದೆಯ ಕೆಳಗಿನ ಐಕಾನ್ ಪಟ್ಟಿಯೇ ಟಾಸ್ಕ್‌ಬಾರ್. ಅದರ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಅಂತಿದೆ. ಅದರೊಳಗೆ ಅಲೈನ್‌ಮೆಂಟ್ ಅನ್ನು 'ಲೆಫ್ಟ್' ಮಾಡಿ. ಅಷ್ಟೇ, ಅರ್ಧ ನಿಮಿಷದ ಕೆಲಸ. ಅರ್ಧ ನಿಮಿಷಕ್ಕೆ ಸರಿಹೋಗುವ ವಿಷಯಕ್ಕೆ ಜನ ಇಷ್ಟೊಂದು ರೇಗಿದ್ದು ಯಾಕೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಬರೋಣ.

ಮೂಲೆಯಲ್ಲಿದ್ದರೇನು, ನಡುವೆ ಇದ್ದರೇನು? ಎರಡೂ ಒಂದೇ ಅಲ್ಲವೇ?

ಅಲ್ಲ. ಮೌಸನ್ನು ಕಣ್ಣುಮುಚ್ಚಿ ಎಡಗಡೆ ಕೆಳಕ್ಕೆ ನೂಕಿ ನೋಡಿ. ಎಷ್ಟು ಜೋರಾಗಿ ನೂಕಿದರೂ ಬಾಣ ಮೂಲೆಯಲ್ಲೇ ನಿಲ್ಲುತ್ತದೆ, ಪರದೆಯ ಅಂಚೇ ಅದನ್ನು ಹಿಡಿದುಕೊಳ್ಳುತ್ತದೆ. ಗುರಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ ಕೈ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಕಟ್ಟಿದ್ದ. ಆ ಲೆಕ್ಕದಲ್ಲಿ ಪರದೆಯ ಮೂಲೆ ಅಂದರೆ ತಪ್ಪಿಸಿಕೊಳ್ಳಲಾಗದ ಗುರಿ. ತಮಾಷೆ ಏನೆಂದರೆ, ವಿಂಡೋಸ್ 95ರಲ್ಲಿ ಸ್ಟಾರ್ಟ್ ಬಟನ್ನಿನ ಸುತ್ತ ಕೂದಲೆಳೆಯಷ್ಟು ಅಂಚು ಬಿಟ್ಟಿದ್ದರು. ಹಾಗಾಗಿ ಸರಿಯಾಗಿ ಮೂಲೆಯಲ್ಲೇ ಒತ್ತಿದರೆ ಮೆನು ತೆರೆಯುತ್ತಿರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು. ಅಂದರೆ ಆ ಮೂಲೆಯ ಬೆಲೆ ಮೈಕ್ರೋಸಾಫ್ಟ್ ಕಂಪನಿಗೆ ಗೊತ್ತಿಲ್ಲದ್ದೇನಲ್ಲ.

ನಡುವೆ ಇಟ್ಟಾಗ ಇನ್ನೊಂದು ತೊಡಕಿದೆ. ಐಕಾನ್‌ಗಳೆಲ್ಲ ಒಂದು ಗುಂಪಾಗಿ ಮಧ್ಯದಲ್ಲಿ ನಿಲ್ಲುವುದರಿಂದ, ಹೊಸ ಪ್ರೋಗ್ರಾಂ ತೆರೆದಂತೆಲ್ಲ ಗುಂಪು ಅಗಲವಾಗಿ ಸ್ಟಾರ್ಟ್ ಬಟನ್ ಎಡಕ್ಕೆ ಸರಿಯುತ್ತದೆ, ಮುಚ್ಚಿದರೆ ಬಲಕ್ಕೆ ಬರುತ್ತದೆ. ಬೆಳಿಗ್ಗೆ ಇದ್ದಲ್ಲಿ ಮಧ್ಯಾಹ್ನ ಇಲ್ಲ. ಒಗ್ಗರಣೆಗೆ ಎಣ್ಣೆ ಕಾದಿರುವಾಗ ಸಾಸಿವೆ ಡಬ್ಬಿ ತಾನಾಗಿಯೇ ಗೇಣುದ್ದ ಪಕ್ಕಕ್ಕೆ ಜರುಗಿದ ಹಾಗೆ.

ಹಾಗಾದರೆ ನಡುವೆ ಇಟ್ಟದ್ದಾದರೂ ಯಾಕೆ?

ಈಗಿನ ಪರದೆಗಳು ಅಗಲವಾಗಿವೆ. ಕತ್ತು ತಿರುಗಿಸದೆ ಎದುರಿಗೇ ಸಿಗಲಿ ಅನ್ನುವುದು ಒಂದು ವಾದ. ದೊಡ್ಡ ಮಾನಿಟರ್ ಇಟ್ಟುಕೊಂಡವರಿಗೆ ಇದರಲ್ಲಿ ನಿಜಾಂಶ ಇಲ್ಲದಿಲ್ಲ. ಇನ್ನೊಂದು ಕಾರಣ ವಂಶಾವಳಿಯದು: ಎರಡು ಪರದೆಯ ಸಾಧನಗಳಿಗೆಂದು ಮೈಕ್ರೋಸಾಫ್ಟ್ 2019ರಲ್ಲಿ ವಿಂಡೋಸ್ 10ಎಕ್ಸ್ ಎಂಬುದನ್ನು ಪ್ರಕಟಿಸಿತ್ತು. 2021ರಲ್ಲಿ ಅದನ್ನು ಕೈಬಿಟ್ಟರು. ಆದರೆ ಅದರ ನಡುವಿನ ಟಾಸ್ಕ್‌ಬಾರು, ಟೈಲ್ ಎಂಬ ಚೌಕಗಳಿಲ್ಲದ ಸ್ಟಾರ್ಟ್ ಮೆನು ಎರಡೂ ವಿಂಡೋಸ್ 11ಕ್ಕೆ ಬಂದವು. ಹುಟ್ಟದೇ ಹೋದ ಮಗುವಿಗೆ ಹೊಲಿಸಿದ್ದ ಅಂಗಿಯನ್ನು ದೊಡ್ಡಣ್ಣನಿಗೆ ತೊಡಿಸಿದ ಹಾಗಾಯಿತು.

ರೈಟ್ ಕ್ಲಿಕ್ ಮಾಡಿದರೆ ಕಾಪಿ, ಪೇಸ್ಟ್ ಕಾಣೆಯಾಗಿವೆ!

ಕಾಣೆಯಾಗಿಲ್ಲ, ಚಿತ್ರಗಳಾಗಿವೆ. ಮೆನುವಿನ ಅಂಚಿನಲ್ಲಿ ಒಂದು ಸಾಲು ಪುಟ್ಟ ಐಕಾನ್‌ಗಳಿವೆ ನೋಡಿ: ಕತ್ತರಿ, ಒಂದರ ಮೇಲೊಂದು ಹಾಳೆ, ಕ್ಲಿಪ್‌ಬೋರ್ಡ್. ನೀವು ಹುಡುಕುತ್ತಿರುವುದು ಅವನ್ನೇ.

ಈ ಮೆನು ಬದಲಾದ ಕಾರಣ ಕೇಳಿದರೆ ನನಗೆ ಅರ್ಧ ಒಪ್ಪಿಗೆಯಾಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇಪ್ಪತ್ತು ವರ್ಷ ಸಿಕ್ಕ ಸಿಕ್ಕ ಪ್ರೋಗ್ರಾಂಗಳೆಲ್ಲ ಬಂದು ತಮ್ಮದೊಂದು ಸಾಲು ಸೇರಿಸಿ ಆ ಮೆನು ಹಳೇ ಮನೆಯ ಅಟ್ಟದಂತಾಗಿತ್ತು. ಆಂಟಿವೈರಸ್ಸಿನದು ಒಂದು ಸಾಲು, ಜಿಪ್ ತಂತ್ರಾಂಶದ್ದು ನಾಲ್ಕು, ಗ್ರಾಫಿಕ್ಸ್ ಕಾರ್ಡಿನದು ಒಂದು. ಗುಡಿಸಬೇಕಿತ್ತು, ಗುಡಿಸಿದರು. ಆದರೆ ದಿನಕ್ಕೆ ನೂರು ಸಲ ಬಳಸುವ ಶಬ್ದಗಳನ್ನು ಅಳಿಸಿ, ಹೆಸರಿಲ್ಲದ ಚಿತ್ರ ಇಟ್ಟದ್ದು ಅತಿಬುದ್ಧಿ. ಓದಲು ಬರುವವನಿಗೂ ಬೊಂಬೆ ತೋರಿಸಿ ಊಹಿಸು ಎಂದರೆ ಸಿಟ್ಟು ಬಾರದೆ ಇದ್ದೀತೆ? ಮೂರು ವರ್ಷದ ಮೇಲೆ, 2024ರ 24ಎಚ್2 ಎಂಬ ಆವೃತ್ತಿಯಲ್ಲಿ, ಆ ಐಕಾನ್‌ಗಳ ಕೆಳಗೆ ಹೆಸರು ಸೇರಿಸಿದರು. ದೂರು ಕೊಟ್ಟವರು ಹೇಳಿದ್ದೂ ಅದನ್ನೇ.

ಹಳೆಯ ಉದ್ದ ಮೆನು ಬೇಕೆಂದರೆ ಕೆಳಗಿನ 'ಶೋ ಮೋರ್ ಆಪ್ಷನ್ಸ್' ಒತ್ತಿ. ಇಲ್ಲವೇ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ನೇರವಾಗಿ ಅದೇ ಬರುತ್ತದೆ.

ಎಂಟು ಎಕ್ಸೆಲ್ ಫೈಲ್ ತೆರೆದಿದ್ದೇನೆ, ಕೆಳಗೆ ಒಂದೇ ಐಕಾನ್ ಕಾಣುತ್ತದೆ. ಹೆಸರುಗಳು ಎಲ್ಲಿ?

ನನ್ನ ಪ್ರಕಾರ ಇಡೀ ವಿಂಡೋಸ್ 11ರ ವಿರುದ್ಧ ಬಂದ ದೂರುಗಳಲ್ಲಿ ಅತಿ ನ್ಯಾಯವಾದದ್ದು ಇದು.

ಲೆಕ್ಕಪತ್ರದ ಕೆಲಸ ಮಾಡುವವರನ್ನು ನೋಡಿ. ಏಪ್ರಿಲ್‌ನ ಶೀಟು, ಮೇ ತಿಂಗಳ ಶೀಟು, ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ಲೆಕ್ಕ, ಎಲ್ಲ ಒಟ್ಟಿಗೆ ತೆರೆದಿರುತ್ತವೆ. ಟಾಸ್ಕ್‌ಬಾರ್‌ನಲ್ಲಿ ಪ್ರತಿ ಕಿಟಕಿಗೂ ಬೇರೆ ಬಟನ್, ಅದರ ಮೇಲೆ ಫೈಲಿನ ಹೆಸರು ಇದ್ದರೆ ಕಣ್ಣು ಹಾಯಿಸಿ ಒಂದೇ ಏಟಿಗೆ ಹೋಗಬಹುದು. ಎಲ್ಲವನ್ನೂ ಒಂದೇ ಐಕಾನಿನಡಿ ಸೇರಿಸಿದರೆ? ಮೊದಲು ಐಕಾನ್ ಮೇಲೆ ಮೌಸ್ ನಿಲ್ಲಿಸಿ, ಚಿಕ್ಕ ಚಿತ್ರಗಳು ಏಳಲು ಕಾದು, ಒಂದೇ ಥರ ಕಾಣುವ ಎಂಟು ಶೀಟುಗಳಲ್ಲಿ ಸರಿಯಾದದ್ದನ್ನು ಊಹಿಸಿ ಒತ್ತಬೇಕು. ಸಲಕ್ಕೆ ಎರಡು ಸೆಕೆಂಡು ಹೋದರೂ ದಿನಕ್ಕೆ ಮುನ್ನೂರು ಸಲ ಅಂದರೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕಿಂತ ಹೆಚ್ಚಾಗಿ ಪ್ರತಿ ಸಲವೂ ತಪ್ಪುವ ಗಮನ ಕಾಡುತ್ತದೆ.

'ಸೇರಿಸಬೇಡ' ಎನ್ನುವ ಆಯ್ಕೆ ವಿಂಡೋಸ್ 10ರಲ್ಲಿ ಇತ್ತು. 11 ಬಂದಾಗ ಟಾಸ್ಕ್‌ಬಾರನ್ನು ಹೊಸದಾಗಿ ಬರೆದರು, ಆ ಬರವಣಿಗೆಯಲ್ಲಿ ಇದು ಬಿಟ್ಟುಹೋಯಿತು. ಎರಡು ವರ್ಷ ಜನ ಬಿಡದೆ ಕೇಳಿದ ಮೇಲೆ 2023ರಲ್ಲಿ ಮರಳಿ ಕೊಟ್ಟರು. ಈಗ ಟಾಸ್ಕ್‌ಬಾರ್ ಬಿಹೇವಿಯರ್ಸ್‌ನಲ್ಲಿ 'ಕಂಬೈನ್ ಟಾಸ್ಕ್‌ಬಾರ್ ಬಟನ್ಸ್' ಎಂಬಲ್ಲಿ 'ನೆವರ್' ಆರಿಸಿ.

ಬೇರೇನೆಲ್ಲ ಹೋಗಿ ಮರಳಿ ಬಂತು?

ಫೈಲನ್ನು ಎಳೆದು ಟಾಸ್ಕ್‌ಬಾರ್ ಐಕಾನಿನ ಮೇಲೆ ಹಿಡಿದು ಆ ಪ್ರೋಗ್ರಾಂನ ಕಿಟಕಿಯನ್ನು ಮುಂದೆ ತರುವುದು 2022ರ 22ಎಚ್2 ಆವೃತ್ತಿಯಲ್ಲಿ ಮರಳಿತು. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಟಾಸ್ಕ್ ಮ್ಯಾನೇಜರ್ ಸಿಗುವುದು, ಗಡಿಯಾರದಲ್ಲಿ ಸೆಕೆಂಡು ತೋರಿಸುವುದು ಆಮೇಲೆ ಬಂದವು. ಟಾಸ್ಕ್‌ಬಾರನ್ನು ಪರದೆಯ ಮೇಲಕ್ಕೋ ಪಕ್ಕಕ್ಕೋ ಸರಿಸುವುದು ಮಾತ್ರ ವರ್ಷಗಟ್ಟಲೆ ಬಾಕಿ ಉಳಿಯಿತು. 1995ರಿಂದಲೂ ಇದ್ದ ಅನುಕೂಲ ಅದು. ನಿಮ್ಮ ಕಂಪ್ಯೂಟರಿನ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಜಾಗ ಬದಲಿಸುವ ಆಯ್ಕೆ ಕಂಡರೆ ಬಳಸಿಕೊಳ್ಳಿ. ಕಾಣದಿದ್ದರೆ ನಿಮ್ಮ ಆವೃತ್ತಿಯಲ್ಲಿ ಅದಿಲ್ಲ, ಎಳೆದಾಡಿ ಪ್ರಯೋಜನವಿಲ್ಲ.

ಕೆಲವೇ ಜನ ಬಳಸುತ್ತಾರೆ ಅಂತಲೇ ತಾನೆ ತೆಗೆಯುವುದು? ಕಂಪನಿಯ ಬಳಿ ಅಂಕಿ ಇರುತ್ತದಲ್ಲ?

ಇರುತ್ತದೆ. ಟಾಸ್ಕ್‌ಬಾರ್ ಸರಿಸುವವರು ಕಡಿಮೆ, ಅದಕ್ಕಾಗಿ ಪಡಬೇಕಾದ ಶ್ರಮ ಹೆಚ್ಚು ಎಂಬ ಅರ್ಥದ ಮಾತನ್ನು ಕಂಪನಿಯವರು 2022ರಲ್ಲಿ ಹೇಳಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಸ್ಟಾರ್ಟ್ ಮೆನುವನ್ನೇ ಕಿತ್ತಾಗಲೂ ಅದೇ ಧಾಟಿ: ಜನ ಪ್ರೋಗ್ರಾಂಗಳನ್ನು ಟಾಸ್ಕ್‌ಬಾರಿಗೆ ಪಿನ್ ಮಾಡಿಕೊಂಡಿದ್ದಾರೆ, ಸ್ಟಾರ್ಟ್ ಮೆನು ತೆರೆಯುವುದು ಕಡಿಮೆಯಾಗಿದೆ.

ಅಂಕಿ ಸುಳ್ಳಲ್ಲ, ಓದುವ ರೀತಿಯಲ್ಲಿ ತೊಂದರೆ. ಊರಿಗೆ ದಿನಕ್ಕೆರಡೇ ಬಸ್ಸು, ಹತ್ತೋರು ಇಪ್ಪತ್ತೇ ಜನ. ಡಿಪೋದ ಲೆಕ್ಕಕ್ಕೆ ಅದು ಸಣ್ಣ ಸಂಖ್ಯೆ. ಆದರೆ ಆ ಇಪ್ಪತ್ತು ಜನಕ್ಕೆ ಬೇರೆ ಬಸ್ಸಿಲ್ಲ. ಹಾಗೆಯೇ ನೂರರಲ್ಲಿ ಇಬ್ಬರು ಮಾತ್ರ ಟಾಸ್ಕ್‌ಬಾರನ್ನು ಪಕ್ಕಕ್ಕಿಟ್ಟಿದ್ದಾರೆ ಎಂದೇ ಇಟ್ಟುಕೊಳ್ಳಿ, ಆ ಇಬ್ಬರು ದಿನವಿಡೀ ಹಾಗೇ ಕೆಲಸ ಮಾಡುವವರು. ಎಷ್ಟು ಜನ ಎಂದು ಎಣಿಸಿದವರು ಎಷ್ಟು ನೆಚ್ಚಿದ್ದಾರೆ ಎಂದು ಕೇಳಲಿಲ್ಲ.

ವಿಂಡೋಸ್ 8ರಲ್ಲಿ ಇದಕ್ಕಿಂತ ದೊಡ್ಡ ಗಲಾಟೆ ಆಗಿತ್ತಂತೆ?

ಇದು ಅದರ ಮುಂದೆ ಏನೂ ಅಲ್ಲ. 2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂತು. ಸ್ಟಾರ್ಟ್ ಬಟನ್ ಇಲ್ಲ. ಕಂಪ್ಯೂಟರ್ ಹಚ್ಚಿದರೆ ಪರದೆ ತುಂಬ ಬಣ್ಣಬಣ್ಣದ ಚೌಕಗಳು. ಬೆರಳಿನಲ್ಲಿ ಮುಟ್ಟುವ ಟ್ಯಾಬ್ಲೆಟ್ಟಿಗೆ ಮಾಡಿದ್ದನ್ನು ಮೌಸ್ ಹಿಡಿದು ಕೂತವನಿಗೂ ಉಣಬಡಿಸಿದ್ದರು.

ಆ ಕಾಲದ ಪ್ರಸಿದ್ಧ ಪ್ರಶ್ನೆ: "ಇದನ್ನ ಆಫ್ ಮಾಡೋದು ಹ್ಯಾಗೆ?" ಮೌಸನ್ನು ಬಲಬದಿಯ ಮೂಲೆಗೆ ಒಯ್ಯಬೇಕು. ಅಂಚಿನಿಂದ ಚಾರ್ಮ್ಸ್ ಎಂಬ ಪಟ್ಟಿ ಜಾರಿ ಬರುತ್ತದೆ. ಅದರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಪವರ್, ಅದರಲ್ಲಿ ಶಟ್ ಡೌನ್. ಮೂಲೆಗೆ ಹೋದರೆ ಏನೋ ಬರುತ್ತದೆ ಎಂದು ಪರದೆಯ ಮೇಲೆ ಎಲ್ಲೂ ಗುರುತಿಲ್ಲ. ಯಾರಾದರೂ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಗೋಡೆ ತಡವಬೇಕು. ಸ್ವಿಚ್ ಅದುಮಿಯೇ ಆರಿಸುತ್ತಿದ್ದವರು ಎಷ್ಟೋ.

ವಿಂಡೋಸ್ ವಿಭಾಗದ ಮುಖ್ಯಸ್ಥ ಸ್ಟೀವನ್ ಸಿನೋಫ್ಸ್ಕಿ, ಬಿಡುಗಡೆಯಾದ ತಿಂಗಳೊಳಗೇ ಕಂಪನಿ ಬಿಟ್ಟರು. 2013ರ ಅಕ್ಟೋಬರ್‌ನಲ್ಲಿ 8.1 ಬಂದಾಗ ಬಟನ್ ಮೂಲೆಗೆ ಮರಳಿತು. ಒತ್ತಿದರೆ ಮಾತ್ರ ಮತ್ತೆ ಅದೇ ಚೌಕಗಳ ಪರದೆ! ಕೇಳಿದ್ದು ಬಾಗಿಲು, ಕೊಟ್ಟದ್ದು ಹಿಡಿಕೆ. ನಿಜವಾದ ಮೆನು ಸಿಕ್ಕಿದ್ದು 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ. ನಡುವಿನ ಆ ಮೂರು ವರ್ಷ ಹಳೇ ಮೆನು ತರುವ ಕ್ಲಾಸಿಕ್ ಶೆಲ್ ಎಂಬ ಉಚಿತ ತಂತ್ರಾಂಶ ಅನೇಕರನ್ನು ಕಾಪಾಡಿತು.

ಜನ ಯಾವ ಬದಲಾವಣೆಗೂ ಮೊದಲು ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಇದೂ ಅಷ್ಟೇ ಅಲ್ಲವೇ?

ಅರ್ಧ ನಿಜ. ಈಗ ನಾವು ಯಾವುದನ್ನು ಹಳೆಯದು, ಒಳ್ಳೆಯದು ಎನ್ನುತ್ತೇವೋ ಆ ಸ್ಟಾರ್ಟ್ ಬಟನ್ನೇ 1995ರಲ್ಲಿ ಹೊಸ ಉಪದ್ರವ. ಅದು ಎಲ್ಲಿದೆ ಎಂದು ತೋರಿಸಲು 'ಇಲ್ಲಿ ಒತ್ತಿ ಶುರು ಮಾಡಿ' ಎಂದು ಪುಟಿಯುವ ಬಾಣವನ್ನೇ ಹಾಕಿದ್ದರು. ಅದಕ್ಕೂ ಹಿಂದೆ ಪ್ರೋಗ್ರಾಂಗಳನ್ನು ತೆರೆಯಲು ಇದ್ದ ಪ್ರೋಗ್ರಾಂ ಮ್ಯಾನೇಜರ್ ಎಂಬ ಕಿಟಕಿಗೆ ಅಂಟಿಕೊಂಡವರಿಗೆಂದು ಅದನ್ನೂ ಜೊತೆಗೇ ಉಳಿಸಿ, ಎಕ್ಸ್‌ಪಿ ತನಕ ಸಾಕಿದರು. 2001ರಲ್ಲಿ ಎಕ್ಸ್‌ಪಿ ಬಂದಾಗ ಅದರ ನೀಲಿ ಪಟ್ಟಿ, ಹಸಿರು ಬಟನ್ ನೋಡಿ ಮಕ್ಕಳ ಆಟಿಕೆಯಂತಿದೆ ಎಂದು ನಕ್ಕವರಿದ್ದರು. ಅದೇ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಾಗ ಬಿಡಲಾರದೆ ಒದ್ದಾಡಿದವರು ಎಷ್ಟು ಮಂದಿ!

ಹಾಗಂತ ಎಲ್ಲ ಗೊಣಗಾಟವೂ ಒಂದೇ ಜಾತಿಯದಲ್ಲ. ಬಣ್ಣ, ದುಂಡು ಮೂಲೆ, ಹೊಳಪಿನ ಬಗೆಗಿನ ಸಿಟ್ಟು ಮೂರು ವಾರ ಇರುತ್ತದೆ. ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಜಾಗ ಬದಲಾದರೆ ಕೈಗೆ ಸ್ವಲ್ಪ ಹೆಚ್ಚು ದಿನ ಬೇಕು, ಆದರೂ ಕಲಿಯುತ್ತದೆ. ಕೆಲಸವೇ ಹೋದರೆ, ಅಥವಾ ಒಂದು ಕ್ಲಿಕ್ಕಿನದು ಮೂರಾದರೆ, ಅದು ಒಗ್ಗುವುದಿಲ್ಲ. ವಿಂಡೋಸ್ 8 ಬಂದ ಮೂರು ವರ್ಷಕ್ಕೂ ಜನ ಅದನ್ನೇ ಹೇಳುತ್ತಿದ್ದರು. ಎಕ್ಸ್‌ಪಿಯ ಬಣ್ಣಕ್ಕೆ ನಕ್ಕವರಿಗೆ 'ಕ್ಲಾಸಿಕ್' ಎಂಬ ಹಳೇ ಮುಖ ಒಂದು ಕ್ಲಿಕ್ಕಿನಲ್ಲಿ ಸಿಗುತ್ತಿತ್ತು. ಹಿಂದಿರುಗುವ ದಾರಿ ಇಟ್ಟೇ ಹೊಸದನ್ನು ಕೊಡುತ್ತಿದ್ದ ಆ ರೂಢಿ ಕಾಲಕ್ರಮೇಣ ತಪ್ಪಿತು. ನನಗೆ ಕಾಣುವಂತೆ ಈಗಿನ ಸಿಟ್ಟಿನ ಬೇರು ಅಲ್ಲಿದೆ.

ಸ್ಟಾರ್ಟ್ ಮೆನುವಿನ ಅರ್ಧ ಜಾಗ 'ರೆಕಮೆಂಡೆಡ್' ತಿಂದಿದೆ. ನಾನು ಕೇಳದ ಆ್ಯಪ್‌ಗಳೂ ಬರುತ್ತಿವೆ.

2024ರ ಏಪ್ರಿಲ್‌ನಿಂದ ಅಲ್ಲಿ ಸ್ಟೋರ್‌ನ ಆ್ಯಪ್‌ಗಳ ಪ್ರಚಾರವೂ ಶುರುವಾಯಿತು. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಸ್ಟಾರ್ಟ್ ಎಂದು ಹೋಗಿ ಸಲಹೆ ಮತ್ತು ಆ್ಯಪ್ ಪ್ರಚಾರದ ಗುಂಡಿಯನ್ನು ಆಫ್ ಮಾಡಿ. 2025ರ ಕೊನೆಗೆ ಬಂದ ಹೊಸ ಸ್ಟಾರ್ಟ್ ಮೆನುವಿನಲ್ಲಿ ಇಡೀ ರೆಕಮೆಂಡೆಡ್ ಭಾಗವನ್ನೇ ಮುಚ್ಚಬಹುದು, ಎಲ್ಲ ಆ್ಯಪ್‌ಗಳ ಪಟ್ಟಿಯೂ ಅದೇ ಪುಟದಲ್ಲಿ ಸಿಗುತ್ತದೆ. ದುಡ್ಡು ಕೊಟ್ಟು ತಂದ ವಸ್ತುವಿನಲ್ಲಿ ಪ್ರಚಾರ ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳೇ ಕನ್ನಡ ಫೈಲ್‌ಗಳ ಅಕ್ಷರ ಬೇರೆ ಥರ ಕಾಣುತ್ತಿದೆ. ಇದೂ ಅಪ್‌ಡೇಟಿನಿಂದಲೇ?

ಹೌದು, ಸಾಧ್ಯ. ಎಕ್ಸ್‌ಪಿ, 7ರ ಕಾಲದಲ್ಲಿ ವಿಂಡೋಸಿನ ಕನ್ನಡ ಯೂನಿಕೋಡ್ ಅಕ್ಷರ ಎಂದರೆ ತುಂಗಾ. 8ರಿಂದ ನಿರ್ಮಲಾ ಯುಐ ಬಂತು. 10ರಿಂದ ಈಚೆಗೆ ತುಂಗಾ ತಾನಾಗಿ ಬರುವುದಿಲ್ಲ, ಐಚ್ಛಿಕ. ತುಂಗಾದಲ್ಲಿ ಮಾಡಿಟ್ಟ ಪತ್ರ ತೆರೆದರೆ ಬೇರೆ ಅಕ್ಷರದಲ್ಲಿ ಕಂಡು, ಸಾಲುಗಳು ಉದ್ದಗಿಡ್ಡವಾಗಿ, ಒಂದು ಪುಟದ ಅರ್ಜಿ ಎರಡನೇ ಪುಟಕ್ಕೆ ಇಣುಕಬಹುದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಹುಡುಕಿ ಹಾಕಿಕೊಳ್ಳಿ.

ಟೈಪಿಂಗಿಗೆ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಬಾರದವರು 2019ರ ಅಪ್‌ಡೇಟಿನಿಂದ ವಿಂಡೋಸಿನೊಳಗೇ ಇರುವ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕನ್ನಡ ಫೊನೆಟಿಕ್ ಕೀಬೋರ್ಡ್ ನೋಡಬಹುದು. ಅಪ್‌ಡೇಟ್‌ಗಳು ಕಿತ್ತುಕೊಂಡದ್ದನ್ನೇ ಹೇಳುತ್ತ ಬಂದೆ, ಕೊಟ್ಟದ್ದನ್ನೂ ಹೇಳಬೇಕಲ್ಲ. ಭಾಷೆ ಬದಲಿಸಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ.

ಹಳೇ ಮೆನು ತರುವ ತಂತ್ರಾಂಶ ಹಾಕಿಕೊಳ್ಳಬಹುದೇ?

ಕ್ಲಾಸಿಕ್ ಶೆಲ್‌ನ ಕೆಲಸವನ್ನು ಅದರ ಲೇಖಕರು 2017ರಲ್ಲಿ ನಿಲ್ಲಿಸಿದರು. ಅದೇ ಕೋಡಿನಿಂದ ಸ್ವಯಂಸೇವಕರು ಓಪನ್-ಶೆಲ್ ಮುಂದುವರಿಸಿದ್ದಾರೆ. ಸ್ಟಾರ್ಟ್ ಮೆನು ಅಷ್ಟೇ ಬೇಕಿದ್ದರೆ ಅದು ಸಾಕು. ಎಕ್ಸ್‌ಪ್ಲೋರರ್‌ಪ್ಯಾಚರ್‌ನಂಥವು ಇನ್ನೂ ಆಳಕ್ಕಿಳಿದು ಟಾಸ್ಕ್‌ಬಾರನ್ನೇ ಬದಲಿಸುತ್ತವೆ. ಅಂಥವು ಮುಂದಿನ ಅಪ್‌ಡೇಟಿಗೆ ಮುರಿದುಬೀಳುವುದುಂಟು, ಬೆಳಿಗ್ಗೆ ನೋಡಿದರೆ ಟಾಸ್ಕ್‌ಬಾರೇ ಇಲ್ಲ. ಸ್ವಂತ ಕಂಪ್ಯೂಟರ್, ರಿಪೇರಿ ನೀವೇ ಮಾಡಿಕೊಳ್ಳುತ್ತೀರಿ ಎಂದಾದರೆ ಸರಿ. ಊರಲ್ಲಿರುವ ಅಪ್ಪ ಅಮ್ಮನ ಲ್ಯಾಪ್‌ಟಾಪಿಗೆ ಹಾಕಬೇಡಿ.

ಮ್ಯಾಕ್‌ಗೋ ಲಿನಕ್ಸ್‌ಗೋ ಹೋದರೆ ಈ ರಗಳೆ ತಪ್ಪುತ್ತದೆಯೇ?

ಮ್ಯಾಕ್‌ನಲ್ಲಿ 2025ರ ಸೆಪ್ಟೆಂಬರ್‌ನ ಟಾಹೋ ಅಪ್‌ಡೇಟ್ 'ಲಿಕ್ವಿಡ್ ಗ್ಲಾಸ್' ಎಂಬ ಗಾಜಿನ ವೇಷ ತಂತು, ಆ್ಯಪ್‌ಗಳನ್ನೆಲ್ಲ ತೋರಿಸುತ್ತಿದ್ದ ಲಾಂಚ್‌ಪ್ಯಾಡನ್ನು ತೆಗೆಯಿತು. ಗಾಜಿನ ಹಿಂದಿನದೆಲ್ಲ ಕಂಡು ಅಕ್ಷರ ಓದಲಾಗುವುದಿಲ್ಲ ಎಂಬ ದೂರು ಅಲ್ಲಿ. ಪಾರದರ್ಶಕತೆ ಕಡಿಮೆ ಮಾಡುವ ಆಯ್ಕೆ ಆಕ್ಸೆಸಿಬಿಲಿಟಿಯಲ್ಲಿದೆ.

ಲಿನಕ್ಸ್‌ನಲ್ಲಿ 2011ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ 3ನೇ ಆವೃತ್ತಿ ಬಂದಾಗ ಕಿಟಕಿಯ ಮಿನಿಮೈಸ್ ಬಟನ್ನೇ ಮಾಯ. ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಕೂಡ ಬೇಸತ್ತು ಕೆಲಕಾಲ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಕಡೆ ಹೋದರು. ಆದರೆ ಅಲ್ಲಿ ಕೋಡ್ ಎಲ್ಲರದು. ಸಿಟ್ಟಾದವರು ಹಳೆಯ ಗ್ನೋಮ್ 2ನ್ನೇ ಎತ್ತಿಕೊಂಡು ಬೇರೆ ಮನೆ ಹೂಡಿ ಮಾತೆ ಎಂದು ಹೆಸರಿಟ್ಟರು. ಉಚ್ಚಾರ ಹೆಚ್ಚುಕಡಿಮೆ ನಮ್ಮ 'ಮಾತೆ'ಯೇ, ಅರ್ಥ ಮಾತ್ರ ದಕ್ಷಿಣ ಅಮೆರಿಕದವರು ಕಷಾಯ ಮಾಡಿ ಕುಡಿಯುವ ಒಂದು ಗಿಡ. ಲಿನಕ್ಸ್ ಮಿಂಟ್‌ನವರ ಸಿನಮನ್ ಡೆಸ್ಕ್‌ಟಾಪ್ ಹುಟ್ಟಿದ್ದೂ ಇದೇ ಮುನಿಸಿನಿಂದ. ಎರಡೂ ಇವತ್ತಿಗೂ ಬದುಕಿವೆ.

ವಿಂಡೋಸ್ 10ಕ್ಕೆ ವಾಪಸ್ ಹೋಗಬಹುದೇ?

ಅಪ್‌ಗ್ರೇಡ್ ಮಾಡಿ 10 ದಿನದೊಳಗಾದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ 'ಗೋ ಬ್ಯಾಕ್' ಇರುತ್ತದೆ. ಆಮೇಲೆ ಹೊಸದಾಗಿಯೇ ಹಾಕಬೇಕು. ಮನೆಬಳಕೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಟ್ಟಿರುವುದು 2026ರ ಅಕ್ಟೋಬರ್ 13ರವರೆಗೆ, ಅದೂ ನೋಂದಾಯಿಸಿಕೊಂಡವರಿಗೆ. ಮೆನು ಹಿಡಿಸಲಿಲ್ಲ ಎಂದು ಭದ್ರತೆ ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ದೂರು ಕೊಟ್ಟರೆ ಯಾರಾದರೂ ಕೇಳುತ್ತಾರಾ?

ವಿಂಡೋಸ್ ಕೀ ಹಿಡಿದು ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. "ದರಿದ್ರವಾಗಿದೆ" ಎಂದು ಬರೆದರೆ ಪ್ರಯೋಜನ ಕಡಿಮೆ. "ಎಂಟು ಶೀಟು ತೆರೆದಿರುತ್ತೇನೆ, ಹೆಸರು ಕಾಣದೆ ತಪ್ಪು ಶೀಟಿನಲ್ಲಿ ಬರೆಯುತ್ತಿದ್ದೇನೆ" ಎಂದು ಬರೆಯಿರಿ. ಬೇರೆಯವರು ಆಗಲೇ ಅದನ್ನು ಬರೆದಿದ್ದರೆ ಅದಕ್ಕೇ ಮತ ಹಾಕಿ. ಮರಳಿ ಬಂದವುಗಳ ಪಟ್ಟಿ ನೋಡಿ: ಎಲ್ಲವೂ ಹೀಗೆ ಬೊಟ್ಟು ಮಾಡಿ ತೋರಿಸಬಹುದಾಗಿದ್ದಂಥವೇ.

ಪ್ರತಿ ಅಪ್‌ಡೇಟಿಗೂ ಹೊಸದಾಗಿ ಕಲಿಯದೆ ಇರಲು ಏನಾದರೂ ಉಪಾಯ?

ಕೀಬೋರ್ಡ್. ಮೆನು ಎಲ್ಲೇ ಹೋಗಲಿ, ವಿಂಡೋಸ್ ಕೀ ಒತ್ತಿ ಬೇಕಾದ್ದರ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದರೆ ವಿಂಡೋಸ್ ವಿಸ್ಟಾ ಕಾಲದಿಂದಲೂ ಸಿಗುತ್ತ ಬಂದಿದೆ, 8ರಲ್ಲೂ ಸಿಗುತ್ತಿತ್ತು. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲ್‌ಗಳು, ಡಿ ಒತ್ತಿದರೆ ಡೆಸ್ಕ್‌ಟಾಪ್, ಎಲ್ ಒತ್ತಿದರೆ ಬೀಗ. ಶಟ್ ಡೌನ್ ಹುಡುಕುವವರಿಗೆ ಎಕ್ಸ್ ಒತ್ತಿದರೆ ಬರುವ ಪಟ್ಟಿ. ಇವನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಟ್ಟರೆ ಮನೆಯಿಂದ ಬರುವ ಫೋನುಗಳೂ ಕಡಿಮೆಯಾಗುತ್ತವೆ.

ವಿಂಡೋಸ್ ಕೀ ಜೊತೆಗಿನ ಸಿ ಒಂದನ್ನು ಮಾತ್ರ ಆ ಚೀಟಿಯಲ್ಲಿ ಬರೆಯಬೇಡಿ. 8ರಲ್ಲಿ ಅದು ಚಾರ್ಮ್ಸ್ ಪಟ್ಟಿ ತೆರೆಯುತ್ತಿತ್ತು, 10ರಲ್ಲಿ ಕೊರ್ಟಾನಾ ಎಂಬ ಧ್ವನಿ ಸಹಾಯಕಿ, 11ರಲ್ಲಿ ಮೊದಲು ಟೀಮ್ಸ್ ಚಾಟ್, 2023ರಲ್ಲಿ ಕೋಪೈಲಟ್ ಎಂಬ ಎಐ ಸಹಾಯಕ.